ಆರೋನನ ಮಕ್ಕಳು ಮತ್ತು ವೈ ವರ್ಣತಂತು

ಇವತ್ತಿನ ವಿಷಯವನ್ನು ಕೇಳಿದ ಕೂಡಲೇ ನಿಮ್ಮಲ್ಲಿ ಕೆಲವರಿಗೆ, ಒಂದಿಷ್ಟು ಜೊಲ್ಲನ್ನು ಸೀಸೆಗೆ ತುಂಬಿ ಕಳಿಸಿದರೆ ಪ್ರಯೋಗಾಲಯದವರು ‘ನೀವು ಯೆಹೂದಿ’ ಎಂದೋ ‘ಅಲ್ಲ’ ಎಂದೋ ಬರೆದು ಕೊಡುತ್ತಾರೆ ಎಂಬ ಕಲ್ಪನೆ ಬಂದಿರಬಹುದು. ಅಂಥ ಪರೀಕ್ಷೆ ಇಲ್ಲ. ಇರುವುದು ಇನ್ನೂ ಚಿಕ್ಕದಾದ, ಆದರೆ ಬಹಳ ಖಚಿತವಾದ ಒಂದು ಪ್ರಶ್ನೆಗೆ ಉತ್ತರ ಕೊಡುವ ಪರೀಕ್ಷೆ: ಇಬ್ಬರು ಗಂಡಸರನ್ನು ತೆಗೆದುಕೊಂಡು ಅವರ ತಂದೆ, ಅಜ್ಜ, ಮುತ್ತಜ್ಜ ಎಂದು ಗಂಡು ಸಾಲಿನಲ್ಲಷ್ಟೇ ಹಿಂದಕ್ಕೆ ಹೋದರೆ ಆ ಎರಡು ಸಾಲುಗಳು ಎಲ್ಲಿಯಾದರೂ ಕೂಡುತ್ತವೆಯೇ, ಕೂಡುವುದಾದರೆ ಸುಮಾರು ಎಷ್ಟು ವರ್ಷಗಳ ಹಿಂದೆ? ಈ ಚಿಕ್ಕ ಪ್ರಶ್ನೆಯಿಂದ ಯೆಹೂದಿಗಳ ಚರಿತ್ರೆಯ ಬಗ್ಗೆ ಎಷ್ಟು ತಿಳಿಯಿತು, ಎಷ್ಟನ್ನು ತಿಳಿಯಿತೆಂದು ತಪ್ಪಾಗಿ ಭಾವಿಸಲಾಯಿತು ಎಂಬುದನ್ನು ನಿಮ್ಮ ಮುಂದಿಡುತ್ತೇನೆ.

ಮೊದಲು ಪರೀಕ್ಷೆಯ ಒಳಗಣ ಕೆಲಸ. ನಮ್ಮ ಜೀವಕೋಶಗಳಲ್ಲಿ ವಂಶವಾಹಿಗಳನ್ನು ಹೊತ್ತಿರುವ ಇಪ್ಪತ್ತಮೂರು ಜೋಡಿ ವರ್ಣತಂತುಗಳಲ್ಲಿ (ಕ್ರೋಮೋಸೋಮ್) ಇಪ್ಪತ್ತೆರಡು ಜೋಡಿಗಳು ಪ್ರತಿ ತಲೆಮಾರಿನಲ್ಲೂ ತಂದೆ ತಾಯಿಯರ ಪಾಲುಗಳನ್ನು ಬೆರೆಸಿ ಹೊಸದಾಗಿ ಹಂಚುತ್ತವೆ. ಗಂಡಸರಲ್ಲಿ ಮಾತ್ರ ಇರುವ ವೈ ವರ್ಣತಂತುವಿನ ಬಹುಭಾಗ ಹೀಗೆ ಬೆರೆಯುವುದಿಲ್ಲ. ತಂದೆಯಿಂದ ಮಗನಿಗೆ ಇಡಿಯಾಗಿ ನಕಲಾಗಿ ಹೋಗುತ್ತದೆ. ನಕಲು ಮಾಡುವಾಗ ಆಗೊಮ್ಮೆ ಈಗೊಮ್ಮೆ ಒಂದು ವ್ಯತ್ಯಾಸ ಉಳಿದುಬಿಡುತ್ತದೆ, ಮತ್ತು ಆ ವ್ಯತ್ಯಾಸ ಅಲ್ಲಿಂದ ಮುಂದಿನ ಎಲ್ಲ ಗಂಡು ಸಂತತಿಗೂ ಇಳಿಯುತ್ತದೆ. ಈ ವ್ಯತ್ಯಾಸಗಳಲ್ಲಿ ಎರಡು ಬಗೆ. ಒಂದರಲ್ಲಿ ಡಿಎನ್‌ಎ ಬರಹದ ಮೂರು ನಾಲ್ಕು ಅಕ್ಷರಗಳ (ಅಂದರೆ ರಾಸಾಯನಿಕ ಘಟಕಗಳ) ಸಣ್ಣ ತುಣುಕು ಸಾಲಾಗಿ ಎಷ್ಟು ಸಲ ಮರುಕಳಿಸಿದೆ ಎಂಬ ಎಣಿಕೆ ಹೆಚ್ಚು ಕಡಿಮೆಯಾಗುತ್ತದೆ. ಇದು ಬೇಗ ಬದಲಾಗುತ್ತದೆ, ಹದಿನೈದಾದದ್ದು ಮತ್ತೆ ಹದಿನಾಲ್ಕಕ್ಕೆ ಮರಳಲೂ ಬಹುದು. ಇನ್ನೊಂದರಲ್ಲಿ ಒಂದೇ ಒಂದು ಅಕ್ಷರ ಬದಲಾಗಿರುತ್ತದೆ. ಅದು ಬಹಳ ಅಪರೂಪ, ಆದ್ದರಿಂದಲೇ ಒಮ್ಮೆ ಆಯಿತೆಂದರೆ ಆ ಕವಲಿಗೆ ಶಾಶ್ವತ ಗುರುತಾಗಿ ನಿಲ್ಲುತ್ತದೆ. ಬೇಗ ಬದಲಾಗುವುದು ಹತ್ತಿರದ ನಂಟನ್ನು ತೋರಿಸುತ್ತದೆ, ನಿಧಾನವಾದದ್ದು ದೂರದ ಕವಲುಗಳನ್ನು ಬೇರ್ಪಡಿಸುತ್ತದೆ. ಇಲ್ಲಿ ಆದ ಬಹಳಷ್ಟು ಗೊಂದಲಗಳು ಮೊದಲನೆಯ ಬಗೆಯ ಸಾಕ್ಷ್ಯಕ್ಕೆ ಎರಡನೆಯ ಬಗೆಯ ತೂಕ ಕೊಟ್ಟಿದ್ದರಿಂದ ಆದವು.

ಇನ್ನೊಂದು ಮಿತಿಯನ್ನೂ ಈಗಲೇ ಹೇಳಿಬಿಡುವುದು ಒಳ್ಳೆಯದು. ಹತ್ತು ತಲೆಮಾರು ಹಿಂದೆ ಹೋದರೆ ನಿಮ್ಮ ಪೂರ್ವಜರ ಪಟ್ಟಿಯಲ್ಲಿ 1,024 ಸ್ಥಾನಗಳಿರುತ್ತವೆ. ವೈ ವರ್ಣತಂತು ಅವರಲ್ಲಿ ಒಬ್ಬನ ಬಗ್ಗೆ ಮಾತ್ರ ಹೇಳುತ್ತದೆ. ಉಳಿದ 1,023 ಮಂದಿ ಎಲ್ಲಿಯವರು, ಯಾವ ದೇವರಿಗೆ ಕೈಮುಗಿದವರು ಎಂಬ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ.

ಹೀಗಿರುವಾಗ ಯೆಹೂದಿಗಳ ವಿಷಯದಲ್ಲಿ ಈ ಪರೀಕ್ಷೆಗೆ ಇಷ್ಟು ಪ್ರಾಮುಖ್ಯ ಬಂದದ್ದು ಏಕೆ? ರಬ್ಬಿಗಳ ಧರ್ಮಶಾಸ್ತ್ರದ ಪ್ರಕಾರ ಯೆಹೂದಿತನ ಬರುವುದು ತಾಯಿಯಿಂದ. ಮತಾಂತರವಾಗಿ ಬಂದವನೂ ಪೂರ್ಣ ಯೆಹೂದಿಯೇ. ಹಾಗಾಗಿ ಯಾರು ಯೆಹೂದಿ ಎಂಬ ಪ್ರಶ್ನೆಯಲ್ಲಿ ವೈ ವರ್ಣತಂತುವಿಗೆ ಯಾವ ಅಧಿಕಾರವೂ ಇಲ್ಲ. ಆದರೆ ಆ ಸಮಾಜದ ಒಳಗೆ ತಂದೆಯಿಂದಲೇ ಇಳಿದು ಬರುವ ಒಂದು ಸ್ಥಾನವಿದೆ. ಮೋಶೆಯ ಅಣ್ಣ ಆರೋನನ ಗಂಡು ಸಂತತಿಯವರೆಂದು ಹೇಳಿಕೊಳ್ಳುವ ಪುರೋಹಿತ ವಂಶದವರು ಕೊಹನೀಮ್, ಒಬ್ಬನಾದರೆ ಕೊಹೆನ್. ಆರೋನನೂ ಸೇರಿದ ಲೇವಿ ಕುಲದ ಉಳಿದವರು ಲೇವಿಯರು. ಮಿಕ್ಕವರೆಲ್ಲ ಸಾಮಾನ್ಯ ಇಸ್ರಾಯೇಲ್ಯರು. ನಮ್ಮಲ್ಲಿ ಗೋತ್ರ ತಂದೆಯಿಂದ ಮಗನಿಗೆ ಬರುವಂತೆಯೇ ಇದು, ಆದರೆ ಗೋತ್ರದ ಋಷಿ ರಕ್ತಸಂಬಂಧದ ಮೂಲಪುರುಷನೇ ಆಗಿರಬೇಕೆಂದು ಎಲ್ಲರೂ ಪಟ್ಟುಹಿಡಿಯುವುದಿಲ್ಲ. ಕೊಹೆನ್ ವಿಷಯದಲ್ಲಿ ಹೇಳಿಕೆಯೇ ರಕ್ತಸಂಬಂಧದ್ದು. ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯವನ್ನು ಕೆಡವಿದ ಮೇಲೆ ಇವರಿಗೆ ಪೂಜೆಯ ಕೆಲಸ ಉಳಿಯಲಿಲ್ಲ. ಆದರೂ ಯೆಹೂದಿಗಳ ಪ್ರಾರ್ಥನಾಮಂದಿರವಾದ ಸಿನಗಾಗಿನಲ್ಲಿ ಅವರ ಧರ್ಮಗ್ರಂಥ ತೋರಾವನ್ನು ಓದಲು ಮೊದಲು ಕರೆಯುವುದು ಕೊಹೆನ್‌ನನ್ನು. ಕೈಯೆತ್ತಿ ಸಭೆಗೆ ಆಶೀರ್ವಾದ ಮಾಡುವವನೂ ಅವನೇ. ಅವನು ವಿಚ್ಛೇದಿತಳನ್ನು ಮದುವೆಯಾಗುವಂತಿಲ್ಲ, ಹತ್ತಿರದ ಬಂಧುಗಳ ಸಾವಿನ ಹೊರತು ಸ್ಮಶಾನಕ್ಕೆ ಕಾಲಿಡುವಂತಿಲ್ಲ. ಹಳೆಯ ಯೆಹೂದಿ ಸ್ಮಶಾನಗಳಲ್ಲಿ ಸಮಾಧಿಕಲ್ಲಿನ ಮೇಲೆ ಬೆರಳು ಅಗಲಿಸಿದ ಎರಡು ಹಸ್ತಗಳನ್ನು ಕೆತ್ತಿದ್ದರೆ ಅದು ಕೊಹೆನ್‌ನ ಸಮಾಧಿ, ನೀರಿನ ಹೂಜಿ ಕೆತ್ತಿದ್ದರೆ ಲೇವಿಯನದು. ಅಂದರೆ ಎರಡೂವರೆ, ಮೂರು ಸಾವಿರ ವರ್ಷ ಹಿಂದಿನ ಗಂಡು ಸಾಲಿನ ಬಗ್ಗೆ ಒಂದು ಸ್ಪಷ್ಟವಾದ ಹೇಳಿಕೆ ಇದೆ, ಆ ಹೇಳಿಕೆ ಮಾಡುವವರು ಜಗತ್ತಿನಾದ್ಯಂತ ಚದುರಿದ್ದಾರೆ, ಮತ್ತು ಅದನ್ನು ಒರೆಗೆ ಹಚ್ಚುವ ಸಾಧನ 1990ರ ದಶಕದಲ್ಲಿ ಕೈಗೆ ಬಂತು. ವಿಜ್ಞಾನಿಗಳಿಗೆ ಇಂಥ ಸಂದರ್ಭ ಸಿಗುವುದು ಅಪರೂಪ.

ಈ ಯೋಚನೆ ಬಂದದ್ದು ವಂಶವಾಹಿ ತಜ್ಞರಿಗಲ್ಲ, ಕಾರ್ಲ್ ಸ್ಕೊರೆಕಿ ಎಂಬ ಮೂತ್ರಪಿಂಡದ ವೈದ್ಯರಿಗೆ. ಅವರು ಸ್ವತಃ ಪೂರ್ವ ಯುರೋಪ್ ಮೂಲದ ಅಶ್ಕೆನಾಝಿ ಕೊಹೆನ್. ಒಮ್ಮೆ ಸಿನಗಾಗಿನಲ್ಲಿ ಕುಳಿತಿದ್ದಾಗ ಸ್ಪೇನ್, ಪೋರ್ಚುಗಲ್ ಮೂಲದ ಸೆಫಾರ್ಡಿ ಪಂಗಡದ ಒಬ್ಬ ಕೊಹೆನ್‌ನನ್ನು ತೋರಾ ಓದಲು ಕರೆದರು. ಇಬ್ಬರ ಮುಖಚರ್ಯೆ ಬೇರೆ, ಮೈಬಣ್ಣ ಬೇರೆ. ಆದರೆ ಪರಂಪರೆ ಹೇಳುವುದು ನಿಜವಾದರೆ ಇಬ್ಬರ ವೈ ವರ್ಣತಂತು ಒಂದೇ ಮೂಲದ್ದಾಗಿರಬೇಕಲ್ಲವೇ ಎಂದು ಅವರಿಗೆ ಹೊಳೆಯಿತು. ಅರಿಜೋನಾ ವಿಶ್ವವಿದ್ಯಾಲಯದಲ್ಲಿ ವೈ ವರ್ಣತಂತುವಿನ ಮೇಲೆ ಕೆಲಸ ಮಾಡುತ್ತಿದ್ದ ಮೈಕೆಲ್ ಹ್ಯಾಮರ್ ಅವರನ್ನು ಸಂಪರ್ಕಿಸಿದರು. 188 ಯೆಹೂದಿ ಗಂಡಸರ ಮಾದರಿಗಳನ್ನು ಪರೀಕ್ಷಿಸಿ 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಒಂದು ಸಣ್ಣ ವರದಿಯಲ್ಲಿ, ಕೊಹೆನ್ ಎಂದು ಹೇಳಿಕೊಂಡವರ ಗುರುತುಗಳು ಇತರ ಯೆಹೂದಿಗಳ ಗುರುತುಗಳಿಗಿಂತ ಸ್ಪಷ್ಟವಾಗಿ ಬೇರೆಯಾಗಿವೆ, ಆ ವ್ಯತ್ಯಾಸ ಅಶ್ಕೆನಾಝಿ ಮತ್ತು ಸೆಫಾರ್ಡಿ ಎರಡೂ ಸಮುದಾಯಗಳಲ್ಲಿ ಒಂದೇ ದಿಕ್ಕಿನಲ್ಲಿದೆ ಎಂದು ತೋರಿಸಿದರು. ಸಾವಿರ ವರ್ಷ ಬೇರೆ ಬೇರೆಯಾಗಿ ಬದುಕಿದ ಎರಡು ಸಮುದಾಯಗಳಲ್ಲಿ ಒಂದೇ ವ್ಯತ್ಯಾಸ ಕಂಡರೆ ಅದು ಬೇರ್ಪಡುವುದಕ್ಕೆ ಮೊದಲಿನದಾಗಿರಬೇಕು.

ಮರುವರ್ಷ ಬಂದದ್ದು ಇನ್ನೂ ದೊಡ್ಡ ಸುದ್ದಿಯಾಯಿತು. 306 ಮಂದಿಯಲ್ಲಿ ಆರು ಮರುಕಳಿಕೆಯ ಗುರುತುಗಳನ್ನು ಎಣಿಸಿದಾಗ ಕೊಹೆನ್‌ಗಳಲ್ಲಿ ಒಂದೇ ಸರಣಿ ಎದ್ದು ಕಂಡಿತು: 14, 16, 23, 10, 11, 12. ಅಶ್ಕೆನಾಝಿ ಕೊಹೆನ್‌ಗಳಲ್ಲಿ ಸುಮಾರು ಶೇ. 45, ಸೆಫಾರ್ಡಿ ಕೊಹೆನ್‌ಗಳಲ್ಲಿ ಶೇ. 56 ಮಂದಿ ಇದೇ ಆರು ಸಂಖ್ಯೆಗಳನ್ನು ಹೊತ್ತಿದ್ದರು. ಸಾಮಾನ್ಯ ಯೆಹೂದಿಗಳಲ್ಲಿ ಅದು ಶೇ. 10ರಿಂದ 13ರಷ್ಟಿತ್ತು. ಮೂಲಪುರುಷನ ಕಾಲ 2,100ರಿಂದ 3,250 ವರ್ಷಗಳ ಹಿಂದೆ ಎಂದು ಲೆಕ್ಕ ಹಾಕಿದರು. ಇದಕ್ಕೆ ಕೊಹೆನ್ ಮಾದರಿ ಹ್ಯಾಪ್ಲೋಟೈಪ್ (ಒಟ್ಟಾಗಿ ಇಳಿದು ಬರುವ ಗುರುತುಗಳ ಸರಣಿ) ಎಂಬ ಹೆಸರು ಬಂತು.

ಇಲ್ಲಿ ಒಂದು ಗುಣಾಕಾರವನ್ನು ನಿಮ್ಮೊಡನೆ ಮಾಡಬೇಕೆನಿಸುತ್ತದೆ. ಮೂರು ಸಾವಿರ ವರ್ಷವೆಂದರೆ ಸರಿಸುಮಾರು ನೂರು ತಲೆಮಾರು. ಪ್ರತಿ ತಲೆಮಾರಿನಲ್ಲೂ ನೂರಕ್ಕೆ ಒಬ್ಬನ ಹುಟ್ಟಿನ ತಂದೆ ಬೇರೆಯವನಾಗಿದ್ದನೆಂದು, ಅಥವಾ ದತ್ತುವಾಗಿ ಬಂದ ಮಗನೇ ಸ್ಥಾನ ಪಡೆದನೆಂದು ಇಟ್ಟುಕೊಳ್ಳಿ. ನೂರು ತಲೆಮಾರಿನ ನಂತರ ಮೂಲಪುರುಷನ ವೈ ವರ್ಣತಂತು ಉಳಿದಿರುವುದು ಸುಮಾರು ಶೇ. 37 ಮಂದಿಯಲ್ಲಿ. ಆ ಪ್ರಮಾಣ ನೂರಕ್ಕೆ ಐದಾಗಿದ್ದರೆ? ಉಳಿಯುವವರು ಶೇ. 1ಕ್ಕಿಂತಲೂ ಕಡಿಮೆ. ಅರ್ಧದಷ್ಟು ಜನರಲ್ಲಿ ಒಂದೇ ಸರಣಿ ಉಳಿದಿದೆ ಎಂಬುದನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಿದಾಗ ಅದರ ಅಚ್ಚರಿ ತಿಳಿಯುತ್ತದೆ. ಜೊತೆಗೆ ಉಳಿದ ಅರ್ಧ ಜನರಲ್ಲಿ ಅದು ಇಲ್ಲ ಎಂಬುದೂ ಅಷ್ಟೇ ಸಹಜವೆನಿಸುತ್ತದೆ.

ಪತ್ರಿಕೆಗಳು ಮಾತ್ರ ಇಷ್ಟು ಹೇಳಿ ಸುಮ್ಮನಾಗಲಿಲ್ಲ. ಆರು ಸಂಖ್ಯೆಗಳು ‘ಆರೋನನ ವಂಶವಾಹಿ’ಯಾದವು. ತಮ್ಮ ವರದಿಯಲ್ಲಿ ಆ ಸಂಖ್ಯೆಗಳನ್ನು ಕಂಡ ಯೆಹೂದ್ಯೇತರರು ತಾವು ಪುರೋಹಿತ ವಂಶದವರೆಂದು ಸಂಭ್ರಮಿಸಿದರು. ಆದರೆ ಆರು ಗುರುತುಗಳು ಬಹಳ ಕಡಿಮೆ. ಬೇಗ ಬದಲಾಗುವ ಎಣಿಕೆಗಳು ಬೇರೆ ಬೇರೆ ಕವಲುಗಳಲ್ಲಿ ಸ್ವತಂತ್ರವಾಗಿ ಅದೇ ಸಂಖ್ಯೆಗೆ ಬಂದು ನಿಲ್ಲಬಲ್ಲವು. ವಾಸ್ತವವಾಗಿ ಈ ಸರಣಿ ಜೆ1 ಮತ್ತು ಜೆ2 ಎಂಬ, ಹತ್ತಾರು ಸಾವಿರ ವರ್ಷ ಹಿಂದೆಯೇ ಬೇರ್ಪಟ್ಟ ಎರಡು ಹ್ಯಾಪ್ಲೋಗ್ರೂಪುಗಳಲ್ಲೂ, ಅಂದರೆ ವೈ ವರ್ಣತಂತುವಿನ ವಂಶವೃಕ್ಷದ ದೊಡ್ಡ ಕವಲುಗಳಲ್ಲೂ, ಸಿಕ್ಕಿತು. ಮಧ್ಯಪ್ರಾಚ್ಯದ ಯೆಹೂದ್ಯೇತರರಲ್ಲೂ ಸಿಕ್ಕಿತು. ಇವರ ನಡುವೆ ಮೂರು ಸಾವಿರ ವರ್ಷ ಹಿಂದಿನ ಸಮಾನ ಪೂರ್ವಜನನ್ನು ಹುಡುಕುವುದು ವ್ಯರ್ಥ.

ಈ ತೊಡಕನ್ನು ಬಿಡಿಸಿದವರೂ ಅದೇ ತಂಡದವರೇ. 2009ರಲ್ಲಿ 215 ಕೊಹೆನ್‌ಗಳ ಮಾದರಿಯನ್ನು ನಿಧಾನ ಬದಲಾಗುವ ಗುರುತುಗಳಿಂದ ಮೊದಲು ವಿಂಗಡಿಸಿ, ಆಮೇಲೆ ಹನ್ನೆರಡು ಮರುಕಳಿಕೆಗಳನ್ನು ಎಣಿಸಿದರು. ಕೊಹೆನ್‌ಗಳೆಲ್ಲ ಒಂದೇ ಗುಂಪಿನವರಲ್ಲ, 21 ಕವಲುಗಳಲ್ಲಿ ಹಂಚಿಹೋಗಿದ್ದಾರೆ ಎಂಬುದು ಮೊದಲು ಕಂಡ ಸಂಗತಿ. ಅವುಗಳಲ್ಲಿ ದೊಡ್ಡದು, ಶೇ. 46.1ರಷ್ಟು ಜನರಿದ್ದದ್ದು, ಜೆ1ರ ಒಳಗಿನ ಪಿ58 ಎಂಬ ಗುರುತಿರುವ ಕವಲು. ಆ ಕವಲಿನೊಳಗೆ ಹನ್ನೆರಡು ಸಂಖ್ಯೆಗಳ ವಿಸ್ತೃತ ಸರಣಿಯೊಂದು ಅಶ್ಕೆನಾಝಿ ಕೊಹೆನ್‌ಗಳಲ್ಲೂ ಇತರ ಕೊಹೆನ್‌ಗಳಲ್ಲೂ ಪ್ರಧಾನವಾಗಿತ್ತು. ಪರೀಕ್ಷಿಸಿದ ಯೆಹೂದ್ಯೇತರರಲ್ಲಿ ಇರಲಿಲ್ಲ. ಅದರ ವಯಸ್ಸು 3,190 ವರ್ಷ, ಹೆಚ್ಚು ಕಡಿಮೆ 1,090. ಈ ಹೆಚ್ಚು ಕಡಿಮೆಯನ್ನು ದಯವಿಟ್ಟು ಗಮನಿಸಿ. 2,100 ವರ್ಷವೂ ಅದರೊಳಗೆ ಬರುತ್ತದೆ, 4,280 ವರ್ಷವೂ ಬರುತ್ತದೆ. ಒಂದು ತುದಿ ರೋಮನ್ನರು ಮುಂದೆ ಕೆಡವಿದ ಆ ಎರಡನೆಯ ದೇವಾಲಯ ನಿಂತಿದ್ದ ಕಾಲ, ಇನ್ನೊಂದು ತುದಿ ಇಸ್ರಾಯೇಲ್ ಎಂಬ ಹೆಸರೇ ಇಲ್ಲದ ಕಾಲ. ಎರಡನೆಯ ಸ್ಥಾನದಲ್ಲಿ ಶೇ. 14.4ರಷ್ಟು ಜನರಿದ್ದ ಜೆ2ರ ಒಂದು ಕವಲಿತ್ತು, ಅದರ ವಿಶಿಷ್ಟ ಸರಣಿಯೂ ಕೊಹೆನ್‌ಗಳಿಗೇ ಸೀಮಿತವಾಗಿತ್ತು. ಎರಡು ಹಳೆಯ ಪುರೋಹಿತ ಸಾಲುಗಳು ಕೂಡಿ ಬಂದಿವೆ ಎಂದು ಓದುವುದು ನನಗೆ ಸರಿಯೆನಿಸುತ್ತದೆ. ಆರೋನ ಎಂಬ ವ್ಯಕ್ತಿ ಇದ್ದನೇ, ಇದ್ದರೆ ಅವನು ಯಾವ ಸಾಲಿನವನು ಎಂಬುದಕ್ಕೆ ಇದರಲ್ಲಿ ಉತ್ತರವಿಲ್ಲ, ಏಕೆಂದರೆ ಹೋಲಿಸಿ ನೋಡಲು ಅವನ ಮೂಳೆ ನಮ್ಮಲ್ಲಿಲ್ಲ.

ಆರು ಗುರುತುಗಳ ಕಾಲದ ಉತ್ಸಾಹ ಎಲ್ಲಿಯವರೆಗೆ ಹೋಯಿತೆಂಬುದಕ್ಕೆ ದಕ್ಷಿಣ ಆಫ್ರಿಕಾ ಮತ್ತು ಜಿಂಬಾಬ್ವೆಯ ಲೆಂಬಾ ಜನರ ಕಥೆ ಸಾಕು. ಬಂಟು ಭಾಷೆ ಆಡುವ ಈ ಜನ ಹಂದಿ ತಿನ್ನುವುದಿಲ್ಲ, ಸುನ್ನತಿ ಮಾಡಿಸುತ್ತಾರೆ, ತಮ್ಮ ಹಿರಿಯರು ಉತ್ತರದ ಸೇನಾ ಎಂಬ ಊರಿನಿಂದ ಸಮುದ್ರ ದಾಟಿ ಬಂದರೆಂದು ಹೇಳುತ್ತಾರೆ. 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವರ ಬುಬಾ ಎಂಬ ಹಿರಿಯ ಕುಲದ 13 ಗಂಡಸರಲ್ಲಿ ಏಳು ಮಂದಿಗೆ ಆ ಆರು ಸಂಖ್ಯೆಗಳು ಸಿಕ್ಕಾಗ ಇಸ್ರಾಯೇಲಿನ ಕಳೆದುಹೋದ ಕುಲ ಸಿಕ್ಕಿತೆಂದು ಜಗತ್ತು ಬೆರಗಾಯಿತು. 2013ರಲ್ಲಿ ಹಿಮ್ಲಾ ಸೂಡ್ಯಾಲ್ ಅವರು ಹೆಚ್ಚು ಗುರುತುಗಳನ್ನಿಟ್ಟು ಮತ್ತೆ ನೋಡಿದಾಗ, ಲೆಂಬಾ ಗಂಡಸರಲ್ಲಿ ಆಫ್ರಿಕಾದ ಹೊರಗಿನ ವೈ ವರ್ಣತಂತುಗಳು ಇರುವುದು ನಿಜ, ಆದರೆ ಅವು ಎಲ್ಲಿಂದ ಬಂದವೆಂದು ನಿಸ್ಸಂದೇಹವಾಗಿ ಹೇಳಲಾಗದು, ಯೆಹೂದಿ ಮೂಲವೆಂಬ ಹಿಂದಿನ ವಾದಕ್ಕೆ ಬೆಂಬಲ ಸಿಗುವುದಿಲ್ಲ ಎಂಬ ತೀರ್ಮಾನಕ್ಕೆ ಬಂದರು. ಅರಬ್ಬಿ ಸಮುದ್ರದ ವರ್ತಕರು ಶತಮಾನಗಳ ಕಾಲ ಆ ಕರಾವಳಿಗೆ ಬಂದು ಹೋಗುತ್ತಿದ್ದರು ಎಂಬುದನ್ನು ನೆನೆದರೆ ಇದರಲ್ಲಿ ಆಶ್ಚರ್ಯವಿಲ್ಲ. ಮೊದಲ ಸುದ್ದಿ ತಲುಪಿದ ಕಿವಿಗಳಲ್ಲಿ ಕಾಲು ಭಾಗಕ್ಕೂ ಎರಡನೆಯದು ತಲುಪಿರಲಿಕ್ಕಿಲ್ಲ.

ಲೇವಿಯರ ಕಥೆ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಹೋಯಿತು. ಅಶ್ಕೆನಾಝಿ ಲೇವಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆರ್1ಎ ಎಂಬ ಹ್ಯಾಪ್ಲೋಗ್ರೂಪಿನವರೆಂದು 2003ರಲ್ಲಿ ಡೊರೊನ್ ಬೆಹಾರ್ ಮತ್ತು ಸಂಗಡಿಗರು ತೋರಿಸಿದರು. ಆರ್1ಎ ಪೋಲೆಂಡ್, ರಷ್ಯಾ ಮೊದಲಾದ ಸ್ಲಾವ್ ನಾಡುಗಳಲ್ಲಿ ಹೇರಳ, ಉತ್ತರ ಭಾರತದಲ್ಲೂ ಹೇರಳ, ಮಧ್ಯಪ್ರಾಚ್ಯದಲ್ಲಿ ಕಡಿಮೆ. ಹಾಗಾಗಿ ಯಾರೋ ಪೂರ್ವ ಯುರೋಪಿನವನು ಅಥವಾ ಯೆಹೂದಿ ಮತಕ್ಕೆ ಸೇರಿದರೆಂದು ಹೇಳಲಾಗುವ ಖಝಾರ್ ಜನಾಂಗದವನು ಲೇವಿಯರೊಳಗೆ ಸೇರಿಕೊಂಡಿರಬೇಕೆಂಬ ಊಹೆ ಹುಟ್ಟಿತು. ಅದಕ್ಕೆ ರಾಜಕೀಯದ ಬಣ್ಣ ಬಳಿಯಲು ಹಲವರು ಕಾದಿದ್ದರು. ಹತ್ತು ವರ್ಷ ಕಳೆಯಿತು. 2013ರಲ್ಲಿ ವೈ ವರ್ಣತಂತುವಿನ ಉದ್ದದ ಅಕ್ಷರಮಾಲೆಯನ್ನೇ ಓದಿ ನೋಡಿದಾಗ ಈ ಲೇವಿಯರೆಲ್ಲರಲ್ಲೂ ಎಂ582 ಎಂಬ ಒಂದಕ್ಷರದ ಬದಲಾವಣೆ ಇತ್ತು. ಅದೇ ಗುರುತನ್ನು 922 ಪೂರ್ವ ಯುರೋಪಿನ ಆರ್1ಎ ಗಂಡಸರಲ್ಲಿ ಹುಡುಕಿದರೆ ಒಬ್ಬರಲ್ಲೂ ಇಲ್ಲ. ಮಧ್ಯಪ್ರಾಚ್ಯದ 303 ಆರ್1ಎ ಗಂಡಸರಲ್ಲಿ ಶೇ. 5.9 ಮಂದಿಯಲ್ಲಿ ಇತ್ತು, ಅದೂ ಹೆಚ್ಚು ವೈವಿಧ್ಯದೊಂದಿಗೆ. ವೈವಿಧ್ಯ ಹೆಚ್ಚಿರುವ ಕಡೆಯೇ ಒಂದು ಕವಲು ಹಳೆಯದಾಗಿ ಬೇರೂರಿದೆ ಎಂದು ತಿಳಿಯುವುದು ಈ ಶಾಸ್ತ್ರದ ರೂಢಿ. ಪೂರ್ವ ಯುರೋಪಿನದೆಂದು ಕಂಡದ್ದು ಮಧ್ಯಪ್ರಾಚ್ಯದಿಂದಲೇ ಹೊರಟದ್ದಾಗಿತ್ತು. ಹೆಚ್ಚು ಅಕ್ಷರ ಓದಿದ್ದು ಲೆಂಬಾ ಜನರ ವಿಷಯದಲ್ಲಿ ವಾದವನ್ನು ಸಡಿಲಗೊಳಿಸಿತು, ಇಲ್ಲಿ ಅದೇ ಕ್ರಮ ಒಂದು ಅನುಮಾನವನ್ನು ತೆಗೆದುಹಾಕಿತು.

ವಿಷಯಕ್ಕೆ ಸ್ವಲ್ಪ ಪಕ್ಕದ ಮಾತೊಂದಿದೆ. ನಾಬ್ಲುಸ್ ಬಳಿಯ ಗೆರಿಜೀಮ್ ಬೆಟ್ಟದಲ್ಲಿ ಮತ್ತು ಹೋಲೋನ್‌ನಲ್ಲಿ ನೆಲೆಸಿರುವ, ಯೆಹೂದಿಗಳಿಂದ ಬೇರೆಯಾದರೂ ತಾವೂ ಇಸ್ರಾಯೇಲ್ ಸಂತತಿಯೆಂದು ಹೇಳುವ ಸಮಾರ್ಯದವರಿಗೂ ಕೊಹೆನ್ ಮನೆತನವಿದೆ. ಅವರ ವೈ ವರ್ಣತಂತು ಜೆ ಗುಂಪಿನದಲ್ಲ, ಇ ಗುಂಪಿನದು. ಅವರ ಇತರ ಮನೆತನಗಳೇ ಜೆ ಗುಂಪಿನವು! ಇದನ್ನು ಹಿಡಿದು ಪರಂಪರೆ ಸುಳ್ಳೆಂದು ಹೇಳಹೊರಟವರಿಗೆ ಸಮಾರ್ಯದವರ ಸ್ವಂತ ದಾಖಲೆ ಉತ್ತರ ಕೊಡುತ್ತದೆ: ಆರೋನನ ಸಾಲಿನ ಕೊನೆಯ ಮಹಾಯಾಜಕ 1624ರಲ್ಲಿ ಗಂಡು ಸಂತಾನವಿಲ್ಲದೆ ತೀರಿಕೊಂಡಮೇಲೆ ಯಾಜಕತ್ವ ಲೇವಿ ಕುಲದ ಬೇರೊಂದು ಮನೆತನಕ್ಕೆ ಹೋಯಿತು. ಕಾಗದ ಪತ್ರವನ್ನು ಓದದೆ ಅಕ್ಷರಮಾಲೆಯನ್ನು ಮಾತ್ರ ಓದಿದರೆ ಹೀಗೆ ಎಡವುವುದಿದೆ.

ಇನ್ನು ಒಬ್ಬೊಬ್ಬರಾಗಿ ಪರೀಕ್ಷೆ ಮಾಡಿಸಿಕೊಳ್ಳುವವರ ವಿಷಯ. 2000ದಲ್ಲಿ ಹ್ಯೂಸ್ಟನ್ನಿನ ಫ್ಯಾಮಿಲಿ ಟ್ರೀ ಡಿಎನ್‌ಎ ಸಂಸ್ಥೆ ವಂಶಾವಳಿ ಹುಡುಕುವವರಿಗೆ ವೈ ಪರೀಕ್ಷೆಯನ್ನು ಮಾರಲು ತೊಡಗಿದಾಗಿನಿಂದ ಇದು ಮನೆಬಾಗಿಲಿಗೆ ಬಂದಿದೆ. ಕೆನ್ನೆಯ ಒಳಗೆ ಕಡ್ಡಿಯಾಡಿಸಿ ಕಳಿಸಿದರೆ 37 ಅಥವಾ 111 ಮರುಕಳಿಕೆಗಳ ಎಣಿಕೆ ಬರುತ್ತದೆ, ಹೆಚ್ಚು ಹಣ ಕೊಟ್ಟರೆ ಲಕ್ಷಾಂತರ ಅಕ್ಷರಗಳ ಓದು ಬರುತ್ತದೆ, ಜೊತೆಗೆ ನಿಮ್ಮನ್ನು ಹೋಲುವ ಇತರರ ಪಟ್ಟಿ. ಬ್ರಿಟನ್ನಿನವರು ಆ ಪಟ್ಟಿಯಲ್ಲಿ ತಮ್ಮದೇ ಅಡ್ಡಹೆಸರಿನವರನ್ನು ಹುಡುಕುತ್ತಾರೆ, ಏಕೆಂದರೆ ಅಲ್ಲಿ ಅಡ್ಡಹೆಸರು ಅನೇಕ ಶತಮಾನಗಳಿಂದ ತಂದೆಯ ಸಾಲಿನಲ್ಲಿ ಬಂದಿದೆ. ಅಶ್ಕೆನಾಝಿಗಳಿಗೆ ಈ ದಾರಿ ಬೇಗ ಮುಚ್ಚಿಹೋಗುತ್ತದೆ. ಆಸ್ಟ್ರಿಯಾದ ಎರಡನೆಯ ಜೋಸೆಫ್ 1787ರಲ್ಲಿ, ರಷ್ಯಾ 1804ರಲ್ಲಿ, ಪ್ರಷ್ಯಾ 1812ರಲ್ಲಿ ಯೆಹೂದಿಗಳು ಅಡ್ಡಹೆಸರು ಇಟ್ಟುಕೊಳ್ಳಬೇಕೆಂದು ಆಜ್ಞೆ ಮಾಡುವವರೆಗೆ ಅವರಲ್ಲಿ ಬಹುಪಾಲು ಜನ ಇಂಥವನ ಮಗ ಇಂಥವನು ಎಂದೇ ಕರೆಸಿಕೊಳ್ಳುತ್ತಿದ್ದರು. ಹಾಗಾಗಿ ನಾಲ್ಕುನೂರು ವರ್ಷ ಹಿಂದಿನ ಒಬ್ಬನೇ ಅಜ್ಜನ ಸಂತತಿಗೆ ಇಂದು ಹತ್ತಾರು ಅಡ್ಡಹೆಸರುಗಳಿವೆ. ಆಗ ಆಸ್ಟ್ರಿಯಾದ ಆಳ್ವಿಕೆಯಲ್ಲಿದ್ದ, ಪೂರ್ವ ಯುರೋಪಿನ ಗಲಿಷಿಯಾದಲ್ಲಂತೂ ಇನ್ನೊಂದು ಗೋಜಲು: ಧಾರ್ಮಿಕ ವಿಧಿಯಿಂದಷ್ಟೇ ಆದ ಮದುವೆಯನ್ನು ಸರಕಾರ ಒಪ್ಪುತ್ತಿರಲಿಲ್ಲ, ಅಂಥ ದಂಪತಿಯ ಮಕ್ಕಳನ್ನು ತಾಯಿಯ ಅಡ್ಡಹೆಸರಿನಲ್ಲಿ ನೋಂದಾಯಿಸುತ್ತಿದ್ದರು. ಅಂದರೆ ಹೆಸರು ತಾಯಿಯ ಕಡೆಯದು, ವೈ ವರ್ಣತಂತು ತಂದೆಯ ಕಡೆಯದು. ತನ್ನ ವರದಿಯಲ್ಲಿ ಹೆಸರುಗಳು ಹೊಂದುತ್ತಿಲ್ಲವೆಂದು ಅಜ್ಜಿಯ ನಡತೆಯನ್ನು ಶಂಕಿಸುವ ಮೊದಲು ಅಲ್ಲಿನ ನೋಂದಣಿ ಪುಸ್ತಕವನ್ನು ತೆರೆದು ನೋಡಬೇಕು.

ಈ ಶಂಕೆಯ ಮಾತು ಇಸ್ರೇಲಿನಲ್ಲಿ ಬರೀ ಮನೆಯೊಳಗಿನ ಮಾತಲ್ಲ. ಮದುವೆಯಾದ ಹೆಂಗಸಿಗೆ ಪರಪುರುಷನಿಂದ ಹುಟ್ಟಿದ ಮಗು ದೊಡ್ಡವನಾದಮೇಲೆ ಇತರ ಯೆಹೂದಿಗಳೊಡನೆ ಮದುವೆಯಾಗುವುದನ್ನು ಧರ್ಮಶಾಸ್ತ್ರ ನಿಷೇಧಿಸುತ್ತದೆ, ಮತ್ತು ಅಲ್ಲಿ ಯೆಹೂದಿಗಳ ಮದುವೆ ರಬ್ಬಿಗಳ ಕೈಯಲ್ಲಿದೆ. ಕುಟುಂಬ ಸಂಬಂಧದ ವಂಶವಾಹಿ ಪರೀಕ್ಷೆಗೆ ನ್ಯಾಯಾಲಯದ ಆದೇಶ ಬೇಕೆಂದು 2000ದ ಕಾನೂನು ವಿಧಿಸಿದ್ದರ ಹಿಂದೆ ಈ ಚಿಂತೆಯೂ ಇದೆ.

ನಮ್ಮ ನೆರೆಯ ಕೊಂಕಣಕ್ಕೆ ಬರೋಣ. ಅಲಿಬಾಗ್ ಸುತ್ತಲಿನ ಹಳ್ಳಿಗಳಲ್ಲಿ ಎಣ್ಣೆ ತೆಗೆದು ಬದುಕಿದ, ಶನಿವಾರ ಗಾಣ ಕಟ್ಟದ ಕಾರಣ ‘ಶನಿವಾರ ತೇಲಿ’ಗಳೆಂದು ಕರೆಸಿಕೊಂಡ ಬೆನೆ ಇಸ್ರೇಲ್ ಎಂಬ ಯೆಹೂದಿ ಜನ ಮರಾಠಿ ಆಡುತ್ತಾರೆ, ಊರಿನ ಹೆಸರಿಗೆ ‘ಕರ್’ ಸೇರಿಸಿ ಅಡ್ಡಹೆಸರು ಇಟ್ಟುಕೊಳ್ಳುತ್ತಾರೆ. ನವಗಾಂವ್ ಬಳಿ ಹಡಗು ಒಡೆದು ದಡ ಸೇರಿದ ಏಳು ದಂಪತಿಗಳ ಸಂತಾನ ತಾವೆಂಬುದು ಅವರ ನಂಬಿಕೆ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ 18 ಮಂದಿಯ ಇಡೀ ವರ್ಣತಂತು ಸಮೂಹವನ್ನು ನೋಡಿ, ಅವರಲ್ಲಿ ಮಧ್ಯಪ್ರಾಚ್ಯದ ಯೆಹೂದಿ ಪಾಲೂ ಭಾರತೀಯ ಪಾಲೂ ಗಣನೀಯವಾಗಿವೆ, ಬೆರೆತದ್ದು 19ರಿಂದ 33 ತಲೆಮಾರುಗಳ ಹಿಂದೆ, ಯೆಹೂದಿ ಪಾಲು ಹೆಚ್ಚಾಗಿ ಗಂಡಸರಿಂದ, ಸ್ಥಳೀಯ ಪಾಲು ಹೆಚ್ಚಾಗಿ ಹೆಂಗಸರಿಂದ ಬಂದಿದೆ ಎಂದು ಹೇಳಿತು. ಏಳು ದಂಪತಿಗಳ ಕಥೆಯಲ್ಲಿ ಹೆಂಡಂದಿರೂ ಹಡಗಿನಿಂದಲೇ ಇಳಿದಿದ್ದರು. ಲೆಕ್ಕ ಹೇಳುವುದು ಅವರಲ್ಲಿ ಬಹಳಷ್ಟು ಮಂದಿ ಕೊಂಕಣದವರೇ ಎಂದು. ತಂದೆಯ ಸಾಲನ್ನು ಮಾತ್ರ ಹಿಡಿದು ಹೋದವನಿಗೆ ಈ ಹೆಂಗಸರು ಕಾಣಿಸುವುದೇ ಇಲ್ಲ.

ಕೊನೆಯದಾಗಿ, ಇಂಥ ಉಪನ್ಯಾಸಗಳ ನಂತರ ಒಬ್ಬರಲ್ಲ ಒಬ್ಬರು ಫೋನ್ ತೆರೆದು, ತಮ್ಮ ವರದಿಯಲ್ಲಿ ಜೆ2 ಎಂದಿದೆ, ಹಾಗಾದರೆ ತಮ್ಮ ಮೂಲ ಇಸ್ರೇಲೇ ಎಂದು ಕೇಳುವುದುಂಟು. ಜೆ2 ನಮ್ಮ ದಕ್ಷಿಣ ಭಾರತದಲ್ಲಿ ಹಲವು ಸಮುದಾಯಗಳಲ್ಲಿದೆ; ಇಟಲಿ, ಟರ್ಕಿ, ಇರಾನ್, ಕಾಕಸಸ್‌ನಲ್ಲೂ ಇದೆ. ಜೆ1 ಅಂತೂ ಯೆಮನ್ ಮತ್ತು ಅರೇಬಿಯಾದಲ್ಲಿ ಯೆಹೂದಿಗಳಿಗಿಂತ ಅರಬರಲ್ಲೇ ಹೆಚ್ಚು. ಇವು ಯೆಹೂದಿಗಳೆಂಬ ಜನ ರೂಪುಗೊಳ್ಳುವುದಕ್ಕಿಂತ ಹತ್ತಾರು ಸಾವಿರ ವರ್ಷ ಮೊದಲಿನ ಕವಲುಗಳು. ಆದ್ದರಿಂದ ವರದಿಯ ಮೊದಲ ಪುಟದ ದೊಡ್ಡ ಅಕ್ಷರವನ್ನು ಬಿಟ್ಟು ಒಳಗೆ ಹೋಗಿ: ನಿಮ್ಮನ್ನು ಇಟ್ಟಿರುವ ಕೊನೆಯ ಕವಲಿನ ಹೆಸರೇನು, ಅದರ ಅಂದಾಜು ವಯಸ್ಸೆಷ್ಟು, ಹೆಚ್ಚು ಕಡಿಮೆ ಎಷ್ಟು ಹಾಕಿದ್ದಾರೆ, ಅದೇ ಕವಲಿನಲ್ಲಿ ಬೇರೆ ಯಾರಿದ್ದಾರೆ, ಅವರ ಹಿರಿಯರ ಊರು ಯಾವುದು ಎಂದು ನೋಡಿ. ಆ ವಯಸ್ಸು ಸಾವಿರ, ಒಂದೂವರೆ ಸಾವಿರ ವರ್ಷದೊಳಗಿದ್ದು, ಕವಲಿನಲ್ಲಿರುವವರೆಲ್ಲ ವಾರ್ಸಾ, ವಿಲ್ನಾ, ಬಗ್ದಾದ್ ಕಡೆಯ ಯೆಹೂದಿ ಮನೆತನದವರಾಗಿದ್ದರೆ ಮಾತಾಡಲು ವಿಷಯವಿದೆ. ಅದು ಹತ್ತು ಸಾವಿರ ವರ್ಷವಾಗಿದ್ದರೆ ಅದಕ್ಕೆ ಯಾವ ಜನಾಂಗದ ಹೆಸರನ್ನೂ ಅಂಟಿಸಲು ಬರುವುದಿಲ್ಲ.